ಮಾತು ಹುಟ್ಟಿದ್ದು ಹೇಗೆ? ಗಂಟಲಿಗಿಂತ ಮಿದುಳನ್ನು ನೋಡಿ

ಈ ಪಾಠದಲ್ಲಿ ಮೊದಲ ಕಷ್ಟ ಸಾಕ್ಷಿಯದು. ಮೂಳೆ ನೆಲದಡಿ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. 1866ರಲ್ಲಿ ಪ್ಯಾರಿಸ್‌ನ ಭಾಷಾಶಾಸ್ತ್ರ ಸಂಘವು ಭಾಷೆಯ ಹುಟ್ಟಿನ ಬಗ್ಗೆ ಪ್ರಬಂಧಗಳೇ ಬೇಡ ಎಂದು ನಿಯಮ ಮಾಡಿಬಿಟ್ಟಿತ್ತು.

ಮನುಷ್ಯರ ಧ್ವನಿಪೆಟ್ಟಿಗೆ ಕೆಳಗಿಳಿದದ್ದರಿಂದಲೇ ಮಾತು ಬಂತು ಎಂದು ಹಳೆಯ ಪುಸ್ತಕಗಳಲ್ಲಿ ಓದಿರುತ್ತೀರಿ. ಅದನ್ನು ಹಾಗೇ ಒಪ್ಪಬೇಡಿ. ಗಂಡು ಕೆಂಪು ಜಿಂಕೆಯ ಧ್ವನಿಪೆಟ್ಟಿಗೆಯೂ ಕೆಳಗಿದೆ, ಆದರೂ ಅದು ಮಾತಾಡುವುದಿಲ್ಲ. 2016ರಲ್ಲಿ ಮಕಾಕ್ ಕೋತಿಯ ಬಾಯಿ, ಗಂಟಲಿನ ಚಲನೆಯನ್ನು ಎಕ್ಸ್‌ರೇ ವಿಡಿಯೋದಲ್ಲಿ ಅಳೆದು ನೋಡಿದರು. ಅರ್ಥವಾಗುವಂತೆ ಮಾತಾಡಲು ಬೇಕಾದಷ್ಟು ಸ್ವರಗಳಿಗೆ ಆ ಗಂಟಲು ಸಾಕು ಎಂದು ಗೊತ್ತಾಯಿತು. ಕೊರತೆ ಇರುವುದು ಅದನ್ನು ಆಡಿಸುವ ಮಿದುಳಿನಲ್ಲಿ.

ಆಫ್ರಿಕಾದ ವರ್ವೆಟ್ ಕೋತಿಗಳು ಚಿರತೆಗೆ ಒಂದು, ಹದ್ದಿಗೆ ಒಂದು, ಹಾವಿಗೆ ಒಂದು ಎಂದು ಬೇರೆ ಬೇರೆ ಕೂಗು ಹಾಕುತ್ತವೆ. ಆದರೆ 'ನಿನ್ನೆ ಇಲ್ಲಿ ಚಿರತೆ ಬಂದಿತ್ತು' ಎಂದು ಅವು ಹೇಳಲಾರವು. ಕಣ್ಣೆದುರು ಇಲ್ಲದ್ದನ್ನು ಹೇಳುವುದು, ತುಣುಕುಗಳನ್ನು ಜೋಡಿಸಿ ಹೊಸದನ್ನು ಹೇಳುವುದು, ಇವೆರಡೇ ನಾವು ವಿವರಿಸಬೇಕಾದ ಸಂಗತಿಗಳು.

ಫಾಕ್ಸ್‌ಪಿ2 ಜೀನ್ ಬಗ್ಗೆ ಒಂದೇ ಮಾತು: ಅದನ್ನು 'ಭಾಷೆಯ ಜೀನ್' ಎಂದು ಬರೆಯಬೇಡಿ. ಅದು ಕೆಟ್ಟರೆ ಮಾತು ತೊಡಕಾಗುವುದು ನಿಜ. ಆದರೆ ಅದು ಇಲಿಯಲ್ಲೂ ಇದೆ, ಹಕ್ಕಿಯಲ್ಲೂ ಇದೆ.

ನನಗೆ ತುಂಬಾ ಮುಖ್ಯ ಅನಿಸುವುದು ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕಥೆ. 1970ರ ದಶಕದ ಕೊನೆಯಲ್ಲಿ ಅದರ ರಾಜಧಾನಿ ಮನಾಗುವಾದ ಶಾಲೆಯೊಂದರಲ್ಲಿ ಕಿವುಡ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಸೇರಿದರು. ಅಲ್ಲಿಯವರೆಗೆ ಹೆಚ್ಚಿನವರಿಗೆ ಮನೆಯ ಕೈಸನ್ನೆ ಬಿಟ್ಟರೆ ಬೇರೇನೂ ಇರಲಿಲ್ಲ. ಶಿಕ್ಷಕರು ಕಲಿಸಲು ಹೊರಟದ್ದು ಸ್ಪ್ಯಾನಿಷ್. ಮಕ್ಕಳು ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ತಮ್ಮದೇ ಸನ್ನೆಭಾಷೆ ಕಟ್ಟಿಕೊಂಡರು.

ಅದರ ವ್ಯಾಕರಣ ಬೆಳೆದದ್ದು ನಂತರ ಬಂದ ಚಿಕ್ಕ ಮಕ್ಕಳ ಕೈಯಲ್ಲಿ. ವಸ್ತುವೊಂದು ಉರುಳುತ್ತಾ ಕೆಳಗಿಳಿಯುವುದನ್ನು ಮೊದಲ ತಂಡದವರು ಹೆಚ್ಚಾಗಿ ಒಂದೇ ಸನ್ನೆಯಲ್ಲಿ ತೋರಿಸುತ್ತಿದ್ದರು. ಚಿಕ್ಕವರು ಅದನ್ನೇ ಒಡೆದರು: 'ಉರುಳು' ಒಂದು ಸನ್ನೆ, 'ಇಳಿ' ಇನ್ನೊಂದು. ಹೀಗೆ ಒಡೆದ ತುಣುಕುಗಳನ್ನು ಬೇರೆ ಕಡೆ ಹೊಸದಾಗಿ ಜೋಡಿಸಬಹುದು, ಅಲ್ವಾ? ವರ್ವೆಟ್ ಕೂಗಿನಲ್ಲಿ ಇಲ್ಲದ್ದು ಇದೇ.

ಒಂದು ಎಚ್ಚರ. ಆ ಮಕ್ಕಳಿಗೆ ಇದ್ದದ್ದು ನಮ್ಮಂಥದೇ ಮಿದುಳು. ಅಂಥ ಮಿದುಳು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ತುಣುಕು ಜೋಡಿಸುವ ಶಕ್ತಿ ಒಂದೇ ಸಲಕ್ಕೆ ಬಂದಿರಬೇಕು ಎನ್ನುತ್ತಾರೆ ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ. ನಿಸರ್ಗದ ಆಯ್ಕೆಯಿಂದ ಮೆಲ್ಲಗೆ ಬೆಳೆಯಿತು ಎಂದು 1990ರಲ್ಲಿ ಮನೋವಿಜ್ಞಾನಿಗಳಾದ ಪಿಂಕರ್ ಮತ್ತು ಬ್ಲೂಮ್ ವಾದಿಸಿದರು. ನನಗೆ ಎರಡನೆಯದೇ ಜಾಸ್ತಿ ಸರಿ ಅನಿಸುತ್ತದೆ. ಗಂಟಲು, ಕೂಗು, ಜೀನ್ ಎಲ್ಲವೂ ಬೇರೆ ಪ್ರಾಣಿಗಳಲ್ಲಿ ಬಿಡಿಬಿಡಿಯಾಗಿ ಮೊದಲೇ ಇದ್ದವಲ್ಲ.