ಬಡಾವಣೆಯ ಕೆಳಗಿನ ಊರು

ಕಡತ ತಂದವರು ಬಹುಪಾಲು ಒಂದೇ ಮಾತು ಹೇಳುತ್ತಾರೆ: “ಎಲ್ಲಾ ಕ್ಲಿಯರ್ ಇದೆ ಸಾರ್, ಬ್ಯಾಂಕಿನವರೂ ನೋಡಿದ್ದಾರೆ. ನೀವು ಸುಮ್ಮನೆ ಒಂದು ಸಲ ಕಣ್ಣಾಡಿಸಿ.” ಬಿಚ್ಚಿದರೆ ಕ್ರಯಪತ್ರ, ಋಣಭಾರ ಪತ್ರ, ಪಹಣಿ, ಭೂಪರಿವರ್ತನೆಯ ಆದೇಶ, ಕೊನೆಗೊಂದು ಈಜುಕೊಳದ ಚಿತ್ರವಿರುವ ಬ್ರೋಷರ್. ಗ್ರಾಮ ನಕ್ಷೆ ಮಾತ್ರ ಇರುವುದಿಲ್ಲ. ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳ ಜಮೀನು ದಾಖಲೆ ಓದುವುದೇ ನನ್ನ ವಕೀಲಿಕೆಯ ಮುಖ್ಯ ಕೆಲಸ, ಮತ್ತು ನಾನು ಮೊದಲು ಕೇಳುವುದು ಆ ನಕ್ಷೆಯನ್ನೇ. ಕ್ರಯಪತ್ರ ಓದಿದರೆ ಒಂದು ಕುಟುಂಬದ ವ್ಯವಹಾರ ತಿಳಿಯುತ್ತದೆ. ಅದೇ ಜಮೀನಿನಲ್ಲಿ ಊರಿಗೆ ಏನು ಪಾಲಿತ್ತು ಎಂಬುದು ತಿಳಿಯಬೇಕಾದರೆ ನಕ್ಷೆ ಬೇಕು.

ಹೋದ ಮಳೆಗಾಲದಲ್ಲಿ ಒಬ್ಬರು ದೇವನಹಳ್ಳಿ ಕಡೆಯ ನಿವೇಶನವೊಂದರ ಕಡತ ತಂದರು. ಮೂವತ್ತು ನಲವತ್ತರ ಸೈಟು, ಮುಂಗಡವೂ ಕೊಟ್ಟಾಗಿತ್ತು. ನಕ್ಷೆ ತರಿಸಿ ಹರಡಿದೆ. ಆ ಸರ್ವೆ ನಂಬರಿನ ನಡುವೆ ಒಂದು ಜೋಡಿ ಗೀಟು ಕೆರೆಯ ದಿಕ್ಕಿಗೆ ಹೋಗಿತ್ತು. ಬಡಾವಣೆಯ ನಕ್ಷೆಯಲ್ಲಿ ಆ ಜಾಗದಲ್ಲಿ ಸೈಟುಗಳ ಸಾಲಿತ್ತು. ಅದೇನಾಯಿತೆಂದು ಆಮೇಲೆ ಹೇಳುತ್ತೇನೆ.

ಮೊದಲು ‘ಬೆಂಗಳೂರು’ ಎಂದರೆ ಎಷ್ಟು ಎಂಬ ಪ್ರಶ್ನೆ. ಒಂದರೊಳಗೊಂದು ಕೂರುವ ಡಬ್ಬಿಗಳ ಹಾಗಿದೆ ಅದು. ಒಳಗಿನದು ಹಳೆಯ ಬಿಬಿಎಂಪಿ ಪ್ರದೇಶ, ಸುಮಾರು 700 ಚದರ ಕಿಲೋಮೀಟರ್. 2025ರ ಸೆಪ್ಟೆಂಬರ್‌ನಿಂದ ಅಲ್ಲಿ ಐದು ನಗರ ಪಾಲಿಕೆಗಳಿವೆ. ಅದನ್ನು ಸುತ್ತಿಕೊಂಡು ಬಿಡಿಎ ಯೋಜನಾ ಪ್ರದೇಶ, ಸುಮಾರು 1,300. ಎಲ್ಲಕ್ಕಿಂತ ಹೊರಗಿನದು ಮಹಾನಗರ ಪ್ರದೇಶ, ಸುಮಾರು 8,000. ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ರಾಮನಗರ, ಈ ಮೂರು ಜಿಲ್ಲೆ ಪೂರ್ತಿ ಅದರೊಳಗೆ. 1985ರ ಕಾಯ್ದೆಯಡಿ ಹುಟ್ಟಿದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ (ಬಿಎಂಆರ್‌ಡಿಎ) ಇದರ ಮೇಲ್ವಿಚಾರಕ. ಅದರ ಕೆಳಗೆ ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿ, ಕನಕಪುರಗಳಿಗೆ ಬೇರೆಬೇರೆ ಯೋಜನಾ ಪ್ರಾಧಿಕಾರ, ವಿಮಾನ ನಿಲ್ದಾಣದ ಸುತ್ತಲಿಗೆ ಇನ್ನೊಂದು. ಅಂದರೆ ಹೊರಗಿನ ಡಬ್ಬಿಯ ಬಹುಭಾಗ ಇವತ್ತಿಗೂ ರಾಗಿ ಹೊಲ, ಹಿಪ್ಪುನೇರಳೆ, ದ್ರಾಕ್ಷಿ ಚಪ್ಪರ, ಕಲ್ಲುಗುಡ್ಡ. ಮಾರುವವರ ಬಾಯಲ್ಲಿ ಮಾತ್ರ ಅಷ್ಟೂ ‘ಬೆಂಗಳೂರು’.

ಯಾವ ಡಬ್ಬಿಯಲ್ಲಿದ್ದೀರಿ ಎಂಬುದರ ಮೇಲೆ ಬಡಾವಣೆಗೆ ಅನುಮೋದನೆ ಕೊಡಬೇಕಾದವರು ಯಾರು ಎಂಬುದು ನಿಂತಿದೆ. “ಪಂಚಾಯಿತಿ ಅಪ್ರೂವಲ್ ಇದೆ” ಎಂಬ ಮಾತು ಈಗಲೂ ಓಡುತ್ತಿದೆ. ಯೋಜನಾ ಪ್ರಾಧಿಕಾರವಿರುವ ಕಡೆ ಬಡಾವಣೆಯ ನಕ್ಷೆಗೆ ಅದರ ಮಂಜೂರಾತಿ ಬೇಕು, ಪಂಚಾಯಿತಿಯ ಮುದ್ರೆ ಸಾಲದು. ಪಂಚಾಯಿತಿಗಳ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬಂದರೆ ಒಂದು ಅರ್ಥ, 11ಬಿ ಬಂದರೆ ಇನ್ನೊಂದು. 11ಬಿ ಎಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತೇವೆ, ಸಕ್ರಮ ಎಂದು ಒಪ್ಪಿಲ್ಲ ಎಂದು. ಮಂಜೂರಾತಿಯಿಲ್ಲದೆ ಹೊಲ ಕತ್ತರಿಸಿ ಮಾಡಿದ ರೆವಿನ್ಯೂ ಸೈಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ, ಇಲ್ಲಿಗೆ ಬಿಡುತ್ತೇನೆ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಖರಾಬು. ಪಹಣಿಯ ಮೂರನೇ ಕಾಲಂ ತೆಗೆದು ನೋಡಿ. ಒಟ್ಟು ವಿಸ್ತೀರ್ಣ, ಅದರ ಕೆಳಗೆ ಫೂಟ್ ಖರಾಬು ‘ಅ’ ಮತ್ತು ‘ಬ’, ಕೊನೆಗೆ ಉಳಿದದ್ದು. ಕಚೇರಿಗಳಲ್ಲಿ ಎಲ್ಲರೂ ಎ ಖರಾಬು, ಬಿ ಖರಾಬು ಎನ್ನುತ್ತಾರೆ. ಎ ಎಂದರೆ ಸರ್ವೆಯ ಕಾಲದಲ್ಲಿ ಸಾಗುವಳಿಗೆ ಬಾರದ್ದೆಂದು ಕಂದಾಯ ಬಿಟ್ಟ ಜಾಗ: ಬಂಡೆ, ಕಣ, ರೈತನ ಕೊಟ್ಟಿಗೆ. ಅದು ಹಿಡುವಳಿದಾರನ ಜೊತೆಗೇ ಇರುತ್ತದೆ. ಬಿ ಹಾಗಲ್ಲ. ಬಂಡಿದಾರಿ, ಕಾಲುದಾರಿ, ಹಳ್ಳ, ಕಾಲುವೆ, ಸ್ಮಶಾನ, ಇವು ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ನಿಮ್ಮದಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ರಸ್ತೆ, ಹಳ್ಳ, ಕೆರೆಗಳ ಒಡೆತನ ಸರ್ಕಾರದ್ದು. ಬಳಸುವ ಹಕ್ಕು ಊರಿನದ್ದು.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಹಳೆಯ ಸರ್ವೆ ಸರಪಳಿ 33 ಅಡಿ. ಅಗಲಕ್ಕೊಂದು, ಉದ್ದಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಟೆ, 1,089 ಚದರ ಅಡಿ. ನಾಲ್ಕು ಗುಂಟೆ ಬಿ ಖರಾಬು ಇದ್ದರೆ 4,356 ಚದರ ಅಡಿ, ಅಂದರೆ ಮೂವತ್ತು ನಲವತ್ತರ ಮೂರೂವರೆ ಸೈಟು. ರಾಗಿ ಬೆಳೆಯುವಾಗ ನಾಲ್ಕು ಗುಂಟೆ ಯಾರಿಗೂ ಲೆಕ್ಕವಿರಲಿಲ್ಲ. ಅಡಿಗಿಷ್ಟು ಎಂದು ಬೆಲೆ ಬಂದ ಮೇಲೆ ಅದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಇಡೀ ಎಕರೆಗೆ ಕ್ರಯವಾಗುತ್ತದೆ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿನಲ್ಲಿ ಒಂದು ಅಂಕಿ, ಪಹಣಿಯಲ್ಲಿ ಇನ್ನೊಂದು. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡದ ಪರಿಶೀಲನಾ ವರದಿಗಳು ನನ್ನ ಕೈಗೆ ಎಷ್ಟೋ ಬಂದಿವೆ. ಬರೆದವರು ನನ್ನ ವೃತ್ತಿಬಾಂಧವರೇ, ಏನು ಹೇಳಲಿ.

ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಸರ್ವೆ ನಂಬರು, ಕೆರೆ, ಕಾಲುವೆ ಕಾಣುತ್ತವೆ. ಬಹಳ ಉಪಯೋಗದ್ದು, ಆದರೆ ಅದು ಸೂಚನೆ ಮಾತ್ರ. ಗಡಿ ನಿಖರವಾಗಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೇಯರ್‌ನಿಂದ ಅಳೆಸಬೇಕು. ಕ್ರಯಪತ್ರದ ಚಕ್ಕುಬಂದಿಯನ್ನೂ ಹಿಂದಕ್ಕೆ ಓದುತ್ತಾ ಹೋಗಿ. ಹೊಸ ಪತ್ರದಲ್ಲಿ “ಪೂರ್ವಕ್ಕೆ ಸೈಟ್ ನಂಬರ್ 41” ಎಂದಿರುತ್ತದೆ. ಅದರ ತಾಯಿಪತ್ರದಲ್ಲಿ ಒಬ್ಬ ರೈತನ ಹೆಸರು. ಅದಕ್ಕೂ ಹಿಂದಿನದರಲ್ಲಿ “ಪೂರ್ವಕ್ಕೆ ಕೆರೆ ಕಾಲುವೆ”. ಕಾಲುವೆ ಯಾವ ಪತ್ರದಲ್ಲಿ ಮಾಯವಾಯಿತೋ ಅಲ್ಲಿ ಬೆರಳಿಟ್ಟು ಕೇಳಬೇಕು. ಕೆರೆ, ರಾಜಕಾಲುವೆಗಳ ಪಕ್ಕ ಎಷ್ಟು ಜಾಗ ಬಿಡಬೇಕೆಂಬ ಅಳತೆ ಬದಲಾಗುತ್ತಲೇ ಇದೆ: ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನೀರಿಗೆ ಈ ಆದೇಶ ಯಾವುದೂ ಗೊತ್ತಿಲ್ಲ, ನಕ್ಷೆಯಲ್ಲಿರುವ ದಾರಿಯಲ್ಲೇ ಬರುತ್ತದೆ.

ಇನ್ನು ಜಮೀನಿನ ಜನ. ನಗರದಿಂದ ಬಂದ ಕೊಳ್ಳುವವರಿಗೆ ಪಹಣಿಯ ಒಂಬತ್ತನೇ ಕಾಲಮ್ಮಿನ ಒಂದು ಹೆಸರು ಸಾಕು. ಆ ಹೆಸರಿಗೆ ಜಮೀನು ಬಂದದ್ದು ಹೇಗೆ? ಪಿತ್ರಾರ್ಜಿತವೋ, ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾದದ್ದೋ, ತೋಟಿ, ತಳವಾರ, ನೀರಗಂಟಿಯಂಥ ಊರ ಚಾಕರಿಯವರಿಗೆ ಕೊಟ್ಟ ಇನಾಮಿನದ್ದೋ? ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆಯ ಮರುಮಂಜೂರಾತಿಯಾದರೆ ಅದರ ಷರತ್ತು ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಮಂಜೂರುದಾರರ ಕುಟುಂಬ ಎಷ್ಟು ತಡವಾಗಿಯಾದರೂ ಅರ್ಜಿ ಹಾಕಬಹುದೆಂದು 2023ರ ತಿದ್ದುಪಡಿ ಹೇಳಿತು. ಈ ಕಾಯ್ದೆಯನ್ನು ಬ್ರೋಕರುಗಳು ಶಾಪ ಹಾಕುತ್ತಲೇ ಹೆಸರಿಸುತ್ತಾರೆ. ಎರಡು ಎಕರೆ ಕಲ್ಲುಭೂಮಿ ಪಡೆದು, ಸಾಲಕ್ಕೆ ಸಿಕ್ಕಿ, ಸಿಕ್ಕಷ್ಟಕ್ಕೆ ಹೆಬ್ಬೆಟ್ಟು ಒತ್ತಿದವರ ಕಡತವನ್ನು ಅವರು ಓದಿದ್ದರೆ ಶಾಪದ ಗುರಿ ಬೇರೆಯಾಗುತ್ತಿತ್ತೇನೋ.

ಆದರೆ ಈಗ ಸಿವಿಲ್ ಕೋರ್ಟಿನಲ್ಲಿ ನಾನು ಅತಿ ಹೆಚ್ಚು ಕಾಣುವುದು ಹೆಣ್ಣುಮಕ್ಕಳ ಪಾಲಿನ ದಾವೆ. ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡಾಗ ಅಕ್ಕತಂಗಿಯರಿಗೆ ಸೀರೆ, ಅರಿಶಿನ ಕುಂಕುಮ ಕೊಟ್ಟು ಕಳುಹಿಸಿದ್ದರು, ಸಹಿ ಕೇಳಿರಲಿಲ್ಲ. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತ್ತು, ಕೇಂದ್ರ 2005ರಲ್ಲಿ ತಿದ್ದಿತು, ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ವಂಶವೃಕ್ಷದಲ್ಲಿ ಬರೀ ಗಂಡುಹೆಸರು ಕಂಡರೆ ನಾನು ಅಲ್ಲೇ ನಿಲ್ಲುತ್ತೇನೆ. ಐದು ಗಂಡುಮಕ್ಕಳ ಮನೆಯಲ್ಲಿ ಒಬ್ಬ ಮಗಳೂ ಹುಟ್ಟಿಲ್ಲವೆಂದರೆ ನಂಬುವುದು ಕಷ್ಟ. ಊರಿಗೆ ಹೋಗಿ ಅಂಗಡಿಯ ಮುಂದೆ ಕೂತು ಕೇಳಿದರೆ ಯಾವ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆಂದು ಚಹಾ ಆರುವುದರೊಳಗೆ ತಿಳಿಯುತ್ತದೆ. ವಕೀಲನೊಬ್ಬ ಹೀಗೆ ಮಾಡುವುದು ಸಹೋದ್ಯೋಗಿಗಳಿಗೆ ತಮಾಷೆ.

ಭೂಸ್ವಾಧೀನದ ನೆರಳನ್ನೂ ನೋಡಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಅಧಿಸೂಚನೆ ಬಿದ್ದು, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಘೋಷಿಸಿತು. ಆ ಮಂಡಳಿಯ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ 28(1)ನೇ ಕಲಂ, ಅಂತಿಮ 28(4). ಋಣಭಾರ ಪತ್ರ ಶುದ್ಧವಿದ್ದರೆ ಸ್ವಾಧೀನ ಇಲ್ಲವೆಂದು ತಿಳಿಯಬೇಡಿ, ಪಹಣಿಯ 11ನೇ ಕಾಲಂ ನೋಡಿ, ರಾಜ್ಯಪತ್ರವನ್ನೂ ನೋಡಿ.

ನೀರಿನ ಬಗ್ಗೆ ಒಂದೇ ಮಾತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ಬ್ರೋಷರಿನಲ್ಲಿ “ಕಾವೇರಿ ಶೀಘ್ರದಲ್ಲೇ” ಎಂದಿದ್ದರೆ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ದೇವನಹಳ್ಳಿಯ ಕಡತಕ್ಕೆ ಬರುತ್ತೇನೆ. ಮಳೆ ನಿಂತ ಮಾರನೇ ದಿನ ಕಕ್ಷಿದಾರರನ್ನೂ ಕರೆದುಕೊಂಡು ಜಾಗಕ್ಕೆ ಹೋದೆ; ಇಂಥ ಜಾಗವನ್ನು ಬೇಸಿಗೆಯಲ್ಲಿ ನೋಡಿ ಪ್ರಯೋಜನವಿಲ್ಲ. ಸಾಲಿನ ಎಲ್ಲ ಸೈಟೂ ಒಣಗಿತ್ತು, ಇವರದು ಮತ್ತು ಪಕ್ಕದ್ದು ಉದ್ದಕ್ಕೆ ನೀರು ಹಿಡಿದು ನಿಂತಿದ್ದವು. ಎಮ್ಮೆ ಹೊಡೆದುಕೊಂಡು ಬಂದ ಅಜ್ಜನೊಬ್ಬರು ನಾವು ಕೇಳುವ ಮೊದಲೇ, “ಇದು ಕೆರೆಗೆ ಹೋಗೋ ಬಂಡಿದಾರಿ ಕಣಪ್ಪಾ, ಹೆಣಾನೂ ಇಲ್ಲೇ ಹೋಗ್ತಿತ್ತು” ಎಂದರು. ಬಡಾವಣೆ ಮಾಡಿದವರು ಊರಿನ ನಾಲ್ಕು ಜನರ ಮುಂದೆ ಬಾಯಿಮಾತಿನಲ್ಲಿ ದಾರಿಯನ್ನು ಅಂಚಿಗೆ ಸರಿಸಿದ್ದರಂತೆ. ಬಾಯಿಮಾತಿನಿಂದ ಬಿ ಖರಾಬು ಜಾಗ ಬದಲಿಸುವುದಿಲ್ಲ. ಹದ್ದುಬಸ್ತಾದಾಗ ಸೈಟಿನ ಅರ್ಧಕ್ಕೂ ಹೆಚ್ಚು ದಾರಿಯಲ್ಲಿತ್ತು.

ಮಾರಿದವರು ಮುಂಗಡ ಹಿಂದಿರುಗಿಸಲಿಲ್ಲ. ಅದೇ ಬಡಾವಣೆಯಲ್ಲಿ ಬೇರೆ ಸೈಟು, ಅದೂ ಮೂಲೆ ಸೈಟು ಕೊಡುತ್ತೇವೆಂದರು. ಎರಡು ವಾರದ ಮೇಲೆ ಕಕ್ಷಿದಾರರು ಹೊಸ ಕಡತ ತಂದರು. ಈ ಸಲ ಗ್ರಾಮ ನಕ್ಷೆ ಎಲ್ಲಕ್ಕಿಂತ ಮೇಲಿತ್ತು, ಮೂಲೆ ಸೈಟಿಗೆ ತಾವೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. “ದಾರಿ ಇಲ್ಲ, ಕಾಲುವೆ ಇಲ್ಲ, ನೋಡಿದ್ದೀನಿ” ಎಂದವರು ಸುತ್ತಿನೊಳಗಿದ್ದ ಪುಟ್ಟ ಮರದ ಗುರುತುಗಳ ಮೇಲೆ ಬೆರಳಿಟ್ಟು ಕೇಳಿದರು, “ಇದೇನು ಸಾರ್?”

“ಗುಂಡುತೋಪು, ಊರಿಗೆ ಸೇರಿದ ಮರದ ತೋಪು,” ಎಂದೆ.