ರಂಜಾನ್, ರಮದಾನ್, ರಮಳಾನ್: ನಾಲಿಗೆ ತಾಗೋದು ಎಲ್ಲಿ?

ಕಂಬ, ಕಂದ, ಶಂಖ. ಮೂರನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ಬರೆಯುವಾಗ ಮೂರಕ್ಕೂ ಅದೇ ಸೊನ್ನೆ. ಹೇಳುವಾಗ ಮಾತ್ರ ಕಂಬಕ್ಕೆ ತುಟಿ ಮುಚ್ಚುತ್ತದೆ, ಕಂದಕ್ಕೆ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ, ಶಂಖಕ್ಕೆ ನಾಲಿಗೆಯ ಹಿಂಭಾಗ ಮೇಲೇಳುತ್ತದೆ. ಇದನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಮುಂದಿನ ಅಕ್ಷರಕ್ಕೆ ಬಾಯಿ ಮೊದಲೇ ತಯಾರಾಗುತ್ತದೆ, ಅಷ್ಟೇ.

ಕುರ್‌ಆನ್ ಓದಲು ಕಲಿಯುವವರಿಗೆ ಇಂಥದ್ದನ್ನೇ ನಿಯಮ ಮಾಡಿ ಕಲಿಸುತ್ತಾರೆ. ಆ ಪಾಠದ ಹೆಸರು ತಜ್ವೀದ್. ಸ್ವರವಿಲ್ಲದ ನೂನ್, ಅಂದರೆ ನಮ್ಮ 'ನ್', ಅದರ ಮುಂದೆ 'ಬ' ಬಂದರೆ 'ಮ್' ಆಗಬೇಕು. 'ಮಿನ್ ಬಅದಿ' ಎಂದು ಬರೆದಿರುತ್ತದೆ, ಓದುವುದು 'ಮಿಮ್ ಬಅದಿ'. ಮರೆಯದಿರಲಿ ಅಂತ ಮುದ್ರಿತ ಪ್ರತಿಗಳಲ್ಲಿ ನೂನ್ ಮೇಲೆ ಪುಟಾಣಿ ಮೀಮ್ ಅಕ್ಷರ ಕೂರಿಸಿರುತ್ತಾರೆ. ಇದು ಇಕ್ಲಾಬ್. ಅದೇ ನೂನ್ ಮುಂದೆ ಗಂಟಲಿನ ಆರು ಅಕ್ಷರಗಳಲ್ಲಿ ಯಾವುದಾದರೂ ಬಂದರೆ 'ನ್' ಅನ್ನು ಬಿಡಿಸಿ ಹೇಳಲೇಬೇಕು. ನಾಲಿಗೆಯ ತುದಿಗೂ ಗಂಟಲಿಗೂ ದೂರ ಜಾಸ್ತಿ, ಎರಡೂ ಬೆರೆಯುವುದಿಲ್ಲ.

ಅಕ್ಷರ ಹುಟ್ಟುವ ಜಾಗಕ್ಕೆ ಮಖ್ರಜ್ ಎನ್ನುತ್ತಾರೆ. 8ನೇ ಶತಮಾನದಲ್ಲಿ ಇರಾಕಿನ ಬಸ್ರಾದ ಭಾಷಾ ವಿದ್ವಾಂಸ ಖಲೀಲ್ ತನ್ನ ಅರಬಿ ನಿಘಂಟನ್ನು ಗಂಟಲಿನ ಅಕ್ಷರದಿಂದ ಶುರುಮಾಡಿ ತುಟಿಯ ಕಡೆಗೆ ಬಂದ. ನಮ್ಮ ಕ ವರ್ಗದಿಂದ ಪ ವರ್ಗದ ಹಾದಿಯೂ ಹಾಗೇ ಅಲ್ವಾ? ಅವನ ಶಿಷ್ಯ ಸೀಬವೈಹಿ ಇಂಥ 16 ಜಾಗ ಎಣಿಸಿದ, ಮುಂದೆ ಕುರ್‌ಆನ್ ಪಠಣದ ವಿದ್ವಾಂಸ ಇಬ್ನುಲ್ ಜಝರಿ (1350–1429) 17 ಎಂದ. ಎಕ್ಸ್‌ರೇ ಇಲ್ಲದ ಕಾಲ, ತಮ್ಮ ಬಾಯನ್ನೇ ತಾವು ಗಮನಿಸಿ ಬರೆದದ್ದು.

ನನಗೆ ತುಂಬಾ ಇಷ್ಟವಾದದ್ದು ಅರಬಿಯ ض (ದಾದ್) ಅಕ್ಷರದ ಕಥೆ. ಉಪವಾಸದ ತಿಂಗಳ ಹೆಸರಿನಲ್ಲಿ ಇರುವುದು ಇದೇ ಅಕ್ಷರ. ನಾಲಿಗೆಯ ಪಕ್ಕ ದವಡೆ ಹಲ್ಲಿಗೆ ತಾಗಬೇಕು ಅಂತ ಸೀಬವೈಹಿ ಬರೆದಿದ್ದಾನೆ, ಅಂದರೆ ಲ, ಳ ಹೇಳುವಾಗ ಆಗುವಂತೆ ಗಾಳಿ ಪಕ್ಕದಿಂದ ಹೋಗುತ್ತದೆ. ಈಗ ಕೈರೋದಲ್ಲಿ ಕೇಳುವುದು ದಪ್ಪನೆಯ 'ದ': ರಮದಾನ್. ಪರ್ಷಿಯನ್ ಮಾತಾಡುವವರ ಬಾಯಲ್ಲಿ ಅದು 'ಝ' ಆಯಿತು, ಉರ್ದುವಿಗೂ ಹಾಗೇ ಬಂತು, ನಮ್ಮ ಪತ್ರಿಕೆಗಳ 'ರಂಜಾನ್' ಆ ದಾರಿಯದು. ಮಲಬಾರಿನವರು, ನಮ್ಮ ಕರಾವಳಿಯ ಬ್ಯಾರಿಗಳು 'ರಮಳಾನ್' ಎನ್ನುತ್ತಾರೆ. ಇದನ್ನು ಸುಮ್ನೆ ಹಳ್ಳಿ ಉಚ್ಚಾರ ಅಂತ ತಳ್ಳಿಹಾಕಬೇಡಿ. ض ಇರುವ ಅರಬಿಯ 'ಅಲ್‌ಕಾದಿ' (ನ್ಯಾಯಾಧೀಶ) ಸ್ಪ್ಯಾನಿಷ್‌ಗೆ ಹೋಗಿ 'ಅಲ್ಕಾಲ್ದೆ' ಆಗಿದೆ, ಊರಿನ ಮೇಯರ್ ಎಂದರ್ಥ. 'ದ'ದ ಹಿಂದೆ ಹೊಸದಾಗಿ ಬಂದು ಕೂತ ಆ 'ಲ್' ಹಳೆಯ ض ಬಿಟ್ಟುಹೋದ ಗುರುತು.

ಬಾಯಿಗಿಂತ ಕಿವಿಯದ್ದೇ ದೊಡ್ಡ ತಕರಾರು. 1984ರಲ್ಲಿ ವರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ, ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು, ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಇಳಿದಿತ್ತು. ನಮಗೆ ತ, ಟ ಸಲೀಸು. ಆದರೆ ಅರಬಿಯ ಎರಡು 'ಕ'ಗಳ ಮುಂದೆ ನಾವೂ ಆ ಇಂಗ್ಲಿಷಿನವರ ಹಾಗೇ. ಕನ್ನಡದಲ್ಲಿ ಎರಡನ್ನೂ 'ಕಲ್ಬ್' ಎಂದೇ ಬರೆಯುತ್ತೇವೆ, ಒಂದು ಹೃದಯ, ಇನ್ನೊಂದು ನಾಯಿ!

ಜಾಗ ಹುಡುಕಲು ತಜ್ವೀದ್ ಓದಿದವರ ಹಳೆಯ ಉಪಾಯ ಒಂದಿದೆ: ಅಕ್ಷರದ ಸ್ವರ ತೆಗೆದು ಹಿಂದೆ 'ಅ' ಸೇರಿಸಿ. 'ಅಕ್' ಅನ್ನಿ. ಧ್ವನಿ ನಿಂತ ಜಾಗ ನಾಯಿಯದ್ದು. ಇನ್ನೂ ಹಿಂದೆ, ಕಿರುನಾಲಿಗೆಯ ಹತ್ತಿರ ನಿಲ್ಲಿಸಿ. ಹೃದಯ ಅಲ್ಲಿದೆ.