ಪುಣೆಯ ವಾಡೆ: ಇಟ್ಟಿಗೆಯೊಳಗಿನ ಮರದ ಮನೆ

ಹೋದ ಸೆಮಿಸ್ಟರಿನಲ್ಲಿ "ಪೇಶವೆ ಕಾಲದ ವಾಡೆಯ ಭಾರ ಹೊರುವುದು ಯಾವುದು?" ಎಂಬ ಪ್ರಶ್ನೆಗೆ ನಾನು ಕಣ್ಣುಮುಚ್ಚಿ "ಇಟ್ಟಿಗೆ ಗೋಡೆ" ಎಂದು ಬರೆದು ಬಂದಿದ್ದೆ. (ಪೇಶವೆ ಎಂದರೆ ಪುಣೆಯಿಂದ ಆಳಿದ ಮರಾಠಾ ಪ್ರಧಾನಿ, ವಾಡೆ ಎಂದರೆ ಒಳಚೌಕವಿರುವ ದೊಡ್ಡ ಮನೆ.) ಅಂಕ ಹೋಯಿತು. ಊರಿಂದ ಬಂದು ಇಲ್ಲಿ ಓದುತ್ತಿರುವ ನೀವಾದರೂ ಅದೇ ಹಳ್ಳಕ್ಕೆ ಬೀಳಬಾರದು ಅಂತ ಈ ಟಿಪ್ಪಣಿ.

ಮೊದಲು ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಗೆ ಹೋಗಿ. ಕೊನೆಯ ಪೇಶವೆ ಎರಡನೇ ಬಾಜೀರಾವ್ 1807ರಲ್ಲಿ ಕಟ್ಟಿಸಿದ್ದು, ಖರ್ಚು ಆ ಕಾಲಕ್ಕೆ ಸುಮಾರು 2 ಲಕ್ಷ ರೂಪಾಯಿ. ಪೇಶವೆಗಳ ಕೋಟೆಯಂಥ ಅರಮನೆ ಶನಿವಾರವಾಡೆ ಬಿಟ್ಟು ಇಲ್ಲೇ ಇರಲು ಅವನಿಗೆ ಇಷ್ಟ. ಸುಖ ಹತ್ತು ವರ್ಷಕ್ಕೇ ಮುಗಿಯಿತು: 1817ರಲ್ಲಿ ಖಡಕಿಯಲ್ಲಿ ಬ್ರಿಟಿಷರೊಡನೆ ಯುದ್ಧ ಸೋತು ಊರು ಬಿಟ್ಟ. 1821ರಲ್ಲಿ ಬ್ರಿಟಿಷರು ಇದೇ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು, ಅದೇ ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆಯಿತು. ಆಮೇಲೆ ನಗರಸಭೆಯ ಕಚೇರಿಯೂ ಇಲ್ಲಿತ್ತು. ಇತಿಹಾಸ ಇಷ್ಟು ಸಾಕು, ರುಚಿ ಇರುವುದು ಕಂಬದಲ್ಲಿ.

ಒಳಚೌಕದ ಒಂದು ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ತೇಗದ ಕಂಬ ನೆಲ ಮುಟ್ಟುವುದಿಲ್ಲ, ಕೆತ್ತಿದ ಕಲ್ಲಿನ ಮೇಲೆ ನಿಂತಿದೆ. ತೇವ, ಗೆದ್ದಲು ಎರಡೂ ಮೇಲೆ ಹತ್ತಬಾರದು. ಅಲ್ಲಿಂದ ಕಂಬ ಕೆಳಗೆ ಉಬ್ಬಿ, ಮೇಲೆ ಹೋದಂತೆ ಸಣ್ಣಗಾಗುತ್ತದೆ. ಇದನ್ನು ಮರಾಠಿಯಲ್ಲಿ 'ಸುರು' ಕಂಬ ಅನ್ನುತ್ತಾರೆ. ನಮ್ಮ ಸರ್ವೆ ಮರ ಇರಬೇಕು ಎಂದು ನಾನು ಬರೆದುಕೊಂಡಿದ್ದೆ. ಅಲ್ಲ, ಅದು ಮೊಗಲರ ತೋಟದ ಸೈಪ್ರೆಸ್ ಮರದ ಆಕಾರ. ತಲೆಯ ಮೇಲಿನ ಬೋದಿಗೆಯಲ್ಲಿ ಬಾಳೆಹೂವಿನ ಕೆತ್ತನೆ. ಕಂಬಗಳ ನಡುವಿನ ಎಸಳುಗಮಾನು (ಅಂಚಿನಲ್ಲಿ ಹೂವಿನ ಎಸಳಿನಂಥ ಬಾಗುಗಳಿರುವ ಕಮಾನು) ನೋಡಿ ಮೋಸಹೋಗಬೇಡಿ. ಅದು ಮರದ ಹಲಗೆಯ ಅಲಂಕಾರ, ಭಾರವೆಲ್ಲ ಅದರ ಮೇಲಿನ ತೊಲೆಯದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು, ಗಾರೆ.

ಹಾಗಾದರೆ ಇಟ್ಟಿಗೆಗೆ ಏನು ಕೆಲಸ? ಪಾಯ, ಅದರ ಮೇಲಿನ ಜಗತಿ (ಮನೆ ನಿಲ್ಲುವ ಕಟ್ಟೆ) ಕಲ್ಲಿನದು. ಅದರ ಮೇಲೆ ತೆಳ್ಳನೆಯ, ಚಪ್ಪಟೆ ಇಟ್ಟಿಗೆಯ ದಪ್ಪ ಗೋಡೆ. ಹೊರಗೋಡೆ ತನ್ನ ಭಾರ ತಾನು ಹೊರುತ್ತದೆ, ಬಿಸಿಲು ತಡೆಯುತ್ತದೆ. ಆದರೆ ಎಷ್ಟೋ ಕಡೆ ಗೋಡೆಯೊಳಗೇ ಕಂಬ ಹುದುಗಿರುತ್ತದೆ. ಇಟ್ಟಿಗೆ ಆ ಮರದ ಚೌಕಟ್ಟಿನ ಸಂದು ತುಂಬುತ್ತದೆ, ಅಷ್ಟೇ.

ಅಳತೆಯೂ ಕಂಬದಿಂದಲೇ. ಎರಡು ಕಂಬದ ನಡುವಿನ ಜಾಗ ಒಂದು 'ಖಣ'. ನಮ್ಮಜ್ಜಿ ಬಾಗಲಕೋಟೆ ಕಡೆಯ ತವರನ್ನು "ಎಂಟು ಅಂಕಣದ ಮನಿ" ಅಂತಿದ್ದಳು, ಅದೇ ಲೆಕ್ಕ. ಚೌಕದ ಸುತ್ತಲಿನ ಓಸರಿ ಎಂದರೆ ಹೆಚ್ಚುಕಡಿಮೆ ನಮ್ಮ ಪಡಸಾಲೆ. ತೊಟ್ಟಿಮನೆ ಗೊತ್ತಿದ್ದವರಿಗೆ ಚೌಕ ಹೊಸದಲ್ಲ. ದೊಡ್ಡವರ ವಾಡೆಗೆ ಎರಡು ಮೂರು ಚೌಕ: ಮುಂದಿನದು ವ್ಯವಹಾರಕ್ಕೆ, ಒಳಗಿನದು ಮನೆಯವರಿಗೆ.

ಮರದ ಮಾತಿಗೆ ಸಾಕ್ಷಿ ಬೇಕೆಂದರೆ ಬೆಂಕಿಯನ್ನು ಕೇಳಿ. ಮೊದಲನೇ ಬಾಜೀರಾವ್ 1730ರಲ್ಲಿ ಪಾಯ ಹಾಕಿಸಿ, 1732ರ ಜನವರಿ 22ರಂದು ಗೃಹಪ್ರವೇಶ ಮಾಡಿದ ಶನಿವಾರವಾಡೆ (ಖರ್ಚು 16,110 ರೂಪಾಯಿ ಎಂದು ದಾಖಲೆ) 1828ರ ಫೆಬ್ರುವರಿ 27ರಂದು ಹತ್ತಿಕೊಂಡು ದಿನಗಟ್ಟಲೆ ಉರಿಯಿತು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆಯ ಕೋಟೆಗೋಡೆ ನಿಂತೇ ಇತ್ತು. ಒಳಗಿನ ಮಹಲುಗಳು ಬೂದಿಯಾದವು. ವಿಶ್ರಾಮಬಾಗ್‌ಗೂ 1879ರಲ್ಲಿ ಬೆಂಕಿ ಬಿತ್ತು. ರಸ್ತೆ ಬದಿಯ ಮುಖ ಸುಟ್ಟು, ಜನರ ವಂತಿಗೆಯಿಂದ ಮತ್ತೆ ಎದ್ದಿತು.

ಶನಿವಾರವಾಡೆಗೆ ಹೋದರೆ ಅದರ ಹೆಬ್ಬಾಗಿಲಾದ ದಿಲ್ಲಿ ದರವಾಜಾದ ಮೇಲಿನ ನಗಾರಖಾನೆಗೆ (ನಗಾರಿ ಬಾರಿಸುತ್ತಿದ್ದ ಕೋಣೆಗೆ) ಹತ್ತಿ. ಅಲ್ಲಿಂದ ಒಳಗೆ ಕಾಣುವುದು ಹುಲ್ಲು ಮತ್ತು ಸಾಲುಸಾಲು ಕಲ್ಲಿನ ಜಗತಿ. ಅವುಗಳ ಮೇಲೆ ಏನಿತ್ತು ಎಂದು ಪರೀಕ್ಷೆಯಲ್ಲಿ ಕೇಳಿದರೆ, ದಯವಿಟ್ಟು 'ತೇಗ' ಎಂದು ಶುರುಮಾಡಿ.